ತೊಟ್ಟಿಲಿನ ಗುಂಡುಕಲ್ಲು

ದನಿ ನಡುಗುವ ವಯಸ್ಸಿನಲ್ಲಿಯೂ ಶ್ರುತಿ ತಿಳಿಯುವ ಕಿವಿಯನ್ನು ಉಳಿಸಿಕೊಟ್ಟ ದೇವರಿಗೆ ಮೊದಲ ವಂದನೆ. ಆ ಕಿವಿ ಕೇಳಬಾರದ್ದನ್ನೂ ಕೇಳಿದೆ. ಅದಕ್ಕೂ ವಂದನೆಯೇ ಸಲ್ಲಬೇಕು.

ನಿನ್ನೆ ಸಂಜೆ ವೈಟ್‌ಫೀಲ್ಡಿನ ನಮ್ಮ ಚರ್ಚಿನ ಸಭಾಂಗಣಕ್ಕೆ ಹೋದೆ. ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒಂದು ರುಬ್ಬುವ ಗುಂಡುಕಲ್ಲನ್ನು ಒತ್ತಿಟ್ಟಿದ್ದರು. ನೋಡಿದೊಡನೆ ಗುರುತು ಸಿಕ್ಕಿತು. ಅದು ಒಂದು ಕಾಲಕ್ಕೆ ನಮ್ಮ ವೃಂದದಲ್ಲಿ ಹಾಡುತ್ತಿದ್ದ ಫಿಲೋಮಿನಮ್ಮನ ಮನೆಯದು.

ನಾಮಕರಣದ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲನ್ನಿಟ್ಟು ತೂಗುವುದನ್ನು ನೀವೂ ಕಂಡಿರುತ್ತೀರಿ. ಬರಿಯ ತೊಟ್ಟಿಲನ್ನು ತೂಗಬಾರದು. ಶಿಲುಬೆಗೆ ಕೈಮುಗಿಯತೊಡಗಿದ ಮೇಲೂ ನಮ್ಮ ಹಿರಿಯರು ಇದನ್ನು ಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕ್ರಿಸ್ತಜನನದ ಸುವಾರ್ತಾವಾಕ್ಯಗಳನ್ನು ನೀಲಾಂಬರಿ ರಾಗದ ಜೋಗುಳವಾಗಿಸಿ, ನಾಲ್ಕು ದನಿಗಳ ವೃಂದಗಾನವಾಗಿ ಕಲಿಸಿದೆ. ನನ್ನ ಗುರುಗಳು ಬದುಕಿದ್ದರೆ, ರಾಗವನ್ನು ನಾಲ್ಕು ಹೋಳು ಮಾಡಿದೆಯಾ ಎಂದು ತಂಬೂರಿಯನ್ನೇ ಎತ್ತುತ್ತಿದ್ದರೇನೋ. ಅದರ ತಗ್ಗುದನಿ ಫಿಲೋಮಿನಮ್ಮನದು. ಹಾಡುತ್ತ ವೇದಿಕೆಯ ತೊಟ್ಟಿಲನ್ನು ತೂಗುವುದೂ ಆಕೆಯ ಪಾಲಿಗೇ ಬಂದಿತ್ತು. ಬಾಲಯೇಸುವಿನ ವಿಗ್ರಹವನ್ನು ಕ್ರಿಸ್ಮಸ್ ಹಿಂದಿನ ರಾತ್ರಿಯ ಬಲಿಪೂಜೆಗೆ, ಅಂದರೆ ಮಾಸ್‌ಗೆ, ಮೊದಲು ಮಲಗಿಸುವಂತಿಲ್ಲ. ನಮ್ಮ ಹಾಡುಗಾರಿಕೆ ಅದಕ್ಕಿಂತ ಮುಂಚೆ. ಹಾಗಾಗಿ ಆಕೆ ಅಭ್ಯಾಸದ ದಿನವೇ ಮನೆಯಿಂದ ಕಲ್ಲನ್ನು ತಂದು, ಬಿಳಿಯ ಬಟ್ಟೆ ಸುತ್ತಿ ತೊಟ್ಟಿಲಲ್ಲಿಟ್ಟರು.

ಸಮಿತಿಯ ಕಾರ್ಯದರ್ಶಿ ನಕ್ಕುಬಿಟ್ಟ. "ಏನ್ ಆಂಟಿ ಇದು, ಯೇಸುಸ್ವಾಮಿ ಜಾಗದಲ್ಲಿ ದೋಸೆಹಿಟ್ಟು ರುಬ್ಬೋ ಕಲ್ಲಾ? ಟೆಕ್ ಪಾರ್ಕ್‌ನೋರೆಲ್ಲ ವೀಡಿಯೊ ಮಾಡ್ತಾರೆ. ತೆಗೀರಿ, ಇದೆಲ್ಲ ನಮ್ದಲ್ಲ."

"ಬರೀ ತೊಟ್ಲು ತೂಗಲ್ಲ ಕಣಪ್ಪ," ಎಂದರು ಫಿಲೋಮಿನಮ್ಮ. "ನನ್ ಮಗೂನ ಮಣ್ಣು ಮಾಡ್ಬಂದ ದಿನ ಮರೆತು ತೂಗ್ಬಿಟ್ಟಿದ್ದೆ. ಒಂದ್ಸಲ ಸಾಕು."

ಕಲ್ಲು ಇದ್ದರೆ ಹಾಡಿಗೇನೂ ಕೊರತೆಯಿಲ್ಲ, ಇರಲಿ ಬಿಡು ಎಂದೆ ನಾನು.

"ಸಾರ್, ನೀವು ಮ್ಯೂಸಿಕ್ ನೋಡ್ಕೊಳ್ಳಿ," ಎಂದವನೇ ಬಟ್ಟೆಯನ್ನು ಬಿಚ್ಚಿ, ಕಲ್ಲನ್ನೆತ್ತಿ ಹೊರಗಿರಿಸಿದ. ಫಿಲೋಮಿನಮ್ಮ ಬಟ್ಟೆಯನ್ನಷ್ಟೇ ಮಡಿಸಿಕೊಂಡು ವೇದಿಕೆಯಿಂದಿಳಿದರು. ಮತ್ತೆ ಹಾಡಲು ಬರಲಿಲ್ಲ. ನಾನು ಮನೆಗೆ ಹೋಗಿ ಕರೆದಾಗ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಹಾಡುಗಾರಿಕೆಯ ದಿನ ಬರಿದಾದ ತೊಟ್ಟಿಲನ್ನು ಬೇರೆ ಯಾರೋ ತೂಗಿದರು, ಜೋಗುಳ ಮೂರೇ ದನಿಗಳಲ್ಲಿ ಮುಗಿಯಿತು, ಚಪ್ಪಾಳೆಗೇನೂ ಕಡಿಮೆಯಾಗಲಿಲ್ಲ.

ನಮ್ಮದಲ್ಲವೆಂದು ಹೊರಗಿಟ್ಟ ಕಲ್ಲು ಬಾಗಿಲು ತಡೆಯುವುದಕ್ಕೆ ಮಾತ್ರ ನಮ್ಮದಾಗಿದೆ.

ನಿನ್ನೆ ಒಳಗೆ ಅದೇ ಜೋಗುಳದ ಅಭ್ಯಾಸ ನಡೆದಿತ್ತು. ತಗ್ಗುದನಿಯ ಜಾಗದಲ್ಲಿ ಕೀಬೋರ್ಡು. ನಾನು ಒಳಗೆ ಹೋಗಲಿಲ್ಲ. ಬಗ್ಗಿ, ಏದುಸಿರು ಬಿಡುತ್ತ ಕಲ್ಲನ್ನೆತ್ತಿಕೊಂಡೆ. ಬೆನ್ನ ಹಿಂದೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಪಟ್ಟಂದೂರು ಅಗ್ರಹಾರದಲ್ಲಿರುವ ಫಿಲೋಮಿನಮ್ಮನ ಮನೆಗೆ ಆಟೋ ಹಿಡಿದೆ. ದಾರಿಯುದ್ದಕ್ಕೂ ಕಲ್ಲು ನನ್ನ ಮಡಿಲಲ್ಲಿತ್ತು.

ತೂಗಲೊಲ್ಲೆನೆಂದ ಕೈಗಳನ್ನು ದೇವರು ಹರಸಲಿ. ಹಾಡಿದವರಿಗೂ ಚಪ್ಪಾಳೆ ತಟ್ಟಿದವರಿಗೂ ಒಳಿತಾಗಲಿ. ಕಲ್ಲನ್ನೆತ್ತಿ ಹೊರಗಿರಿಸಿದವನ ಮನೆಯ ತೊಟ್ಟಿಲು ಎಂದೆಂದಿಗೂ ಬರಿದಾಗದಿರಲಿ.