ಗೋಡೆಯ ಮೇಲಿನ ನಂಬರು

ನನ್ನ ಮೊಮ್ಮಗಳು ಇಂಜಿನಿಯರ್ ಆದಳು! ಸರ್ಕಾರಿ ಇಂಜಿನಿಯರ್. ಅದೂ ನೀರಾವರಿ ಇಲಾಖೆಯಲ್ಲಿ. ಅದೂ ನಾನು ಇಪ್ಪತ್ತೆಂಟು ವರ್ಷ ದಿನಗೂಲಿ ಮಾಡಿದ ಅದೇ ಸೆಕ್ಷನ್ ಆಫೀಸಿನಲ್ಲಿ. (ಯಾವ ಊರಿನದು ಎಂದು ಕೇಳಬೇಡಿ. ಅವಳ ನೌಕರಿ ಇನ್ನೂ ಹಸಿ.)

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಹೋದ ಸೋಮವಾರ ನಮ್ಮ ರೇಣುಕಾ ಡ್ಯೂಟಿಗೆ ಹಾಜರಾದ ದಿನ ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಪೇಡೆ ಹಂಚಿದೆ. ಗುರುತಿಲ್ಲದ ಕಂಡಕ್ಟರ್ ಒಬ್ಬರಿಗೆ ಎರಡು ಕೊಟ್ಟೆ. ಈ ವಾರ ಯಾರನ್ನೂ ಬೈಯಬಾರದು ಅಂದುಕೊಂಡಿದ್ದೆ.

ಮಧ್ಯಾಹ್ನದೊಳಗೇ ಫೋನ್ ಬಂತು.

ನಡೆದದ್ದು ಇಷ್ಟು. ಕಾಲುವೆಯ ಕೊನೆ ಭಾಗದ ರೈತರು ಭತ್ತ ನಾಟಿ ಮಾಡಿ ನೀರಿಗೆ ಕಾಯುತ್ತಿದ್ದಾರೆ. ತೂಬಿನ ಗೇಟು ಎತ್ತಬೇಕು. ಎಷ್ಟು ಸುತ್ತು ತಿರುಗಿಸಿದರೆ ಎಷ್ಟು ನೀರು ಹೋಗುತ್ತದೆ, ಆ ಪುಸ್ತಕ ಎಲ್ಲಿದೆ ಎಂದು ರೇಣುಕಾ ತನ್ನ ಸಾಹೇಬರನ್ನು ಕೇಳಿದಳಂತೆ. ಸಾಹೇಬರು ಪುಸ್ತಕ ತೋರಿಸಲಿಲ್ಲ, ಗೋಡೆ ತೋರಿಸಿದರು. ಅಲ್ಲಿ ಸ್ವಿಚ್ ಬೋರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಫೋನ್ ನಂಬರ್. ಒಬ್ಬ ಮುದುಕ ಅದಾನ, ಅವನಿಗೆ ಎಲ್ಲ ಗೊತ್ತು, ಅವನಿಗೆ ಫೋನ್ ಹಚ್ಚಮ್ಮ ಅಂದರಂತೆ. ಆಫೀಸಿಗೆ ಹೊಸ ಬಣ್ಣ ಹೊಡೆಸಿದಾಗಲೂ ಆ ನಂಬರಿನ ಸುತ್ತ ಅಂಗೈಯಷ್ಟು ಜಾಗ ಬಿಟ್ಟು ಹೊಡೆಸಿದ್ದಾರೆ. ಎಂಥ ಕಾಳಜಿ ನೋಡಿ!

ರೇಣುಕಾ ನಂಬರ್ ಒತ್ತಿದಳು. ಅವಳ ಮೊಬೈಲಿನಲ್ಲಿ ಹೆಸರು ಮೂಡಿತು: ಅಜ್ಜ.

"ಅಜ್ಜ, ಇಲಾಖೆ ಅಂದ್ರ ನೀನ ಏನು?" ಅಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

ನಾನು ಕೆಲಸ ಬಿಟ್ಟು ಆರು ವರ್ಷವಾಯಿತು. ಅಷ್ಟರಲ್ಲಿ ನಾಲ್ವರು ಸಾಹೇಬರು ಬಂದು ಹೋದರು. ನಾಲ್ವರೂ ನನಗೆ ಕೇಳಿದ್ದು ಒಂದೇ: ಹುಲಗಪ್ಪ, ಎಷ್ಟು ಸುತ್ತು? ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಉತ್ತರ ಹೇಳಿದ್ದೇನೆ. ಕುಷ್ಟಗಿಯ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿಕೊಂಡು ಮಲಗಿದಾಗಲೂ ಹೇಳಿದ್ದೇನೆ. ಒಂದು ಸಲ ಮಾತ್ರ ಯಲಬುರ್ಗಾದ ಮದುವೆಗೆ ಹೋದಾಗ ಎರಡು ದಿನ ಫೋನ್ ಬಂದ್ ಆಗಿತ್ತು. ಕೊನೆ ಭಾಗಕ್ಕೆ ನೀರು ಮುಟ್ಟಲಿಲ್ಲ, ಸಸಿ ಒಣಗಿದವು. ಕೆಳಗಿನ ಊರಿನವರು ಮೇಲಿನ ಊರಿನವರ ಕೊರಳಪಟ್ಟಿ ಹಿಡಿದರು. ಪೊಲೀಸರು ಬಂದರು. ಕಾರಣ ಏನು? ನನ್ನ ಫೋನಿಗೆ ಚಾರ್ಜ್ ಇರಲಿಲ್ಲ, ಅಷ್ಟೇ.

ಇದೆಂಥ ಆಡಳಿತ ಸ್ವಾಮಿ? ಸಾಹೇಬರ ಕೈಗೆ ಟ್ಯಾಬ್ ಬಂತು. ಆಫೀಸಿನ ಮೂಲೆಗೆ ಕ್ಯಾಮೆರಾ ಬಂತು. ಮುನಿರಾಬಾದಿನ ಡ್ಯಾಮಿನಿಂದ ಇಷ್ಟು ದೂರ ನೀರು ತರುವುದಕ್ಕೆ ಕಾಲುವೆ ತೋಡಿದವರು, ಗೇಟಿನ ಸುತ್ತು ಎಣಿಸಿ ಒಂದು ಹಾಳೆಯ ಮೇಲೆ ಬರೆದಿಡಲಾರರೇ? ಸಾಹೇಬರಿಗೆ ವರ್ಗವಾದ ಮೇಲೂ ಉಳಿಯುವುದಕ್ಕೆ ತಾನೇ ಆಫೀಸು ಅನ್ನುವುದು? ಇಲ್ಲಿ ಉಳಿದದ್ದು ನಾನೊಬ್ಬ. ನನಗೋ ಬಿಪಿ.

ಮರುದಿನ ಬೆಳಿಗ್ಗೆ ರೇಣುಕಾ ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ತೂಬಿನ ಹತ್ತಿರ ಕರೆದೊಯ್ದಳು. ಫೋನಿನಲ್ಲಿ ಹೇಳಿದರೆ ಒಪ್ಪಲಿಲ್ಲ. ನಾನು ಚಕ್ರ ತಿರುಗಿಸಿದೆ, ಅವಳು ನೀರು ಅಳೆದಳು. ಒಂದು ಸುತ್ತು, ಏನೂ ಇಲ್ಲ. ಎರಡು, ಏನೂ ಇಲ್ಲ. ಮೂರು, ಆಗಲೂ ಇಲ್ಲ. ನಾಲ್ಕನೆಯ ಸುತ್ತಿಗೆ ಗೇಟು ಮಿಸುಕಿತು. ಚಕ್ರದ ಹಲ್ಲು ಸವೆದು ಎಷ್ಟೋ ಕಾಲವಾಗಿದೆ. ಮೊದಲ ಮೂರು ಸುತ್ತು ಖಾಲಿ. ಎಂಟು ಸುತ್ತಿನ ನೀರು ಬೇಕಾದರೆ ಹನ್ನೊಂದು ತಿರುಗಿಸಬೇಕು. ಹೊಸ ಗ್ಯಾಂಗ್‌ಮನ್‌ಗಳು ಎಂಟಕ್ಕೇ ನಿಲ್ಲಿಸುತ್ತಾರೆ, ಕೊನೆ ಭಾಗದವರು ಬಾಯಿ ಬಡಿದುಕೊಳ್ಳುತ್ತಾರೆ.

"ಇದನ್ನ ಯಾರಿಗೂ ಯಾಕ ಹೇಳಿಲ್ಲಜ್ಜ?"

ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ಅವಳಿಗೆ ಹೇಳಿದ್ದನ್ನೇ ಬರೆಯುತ್ತೇನೆ.

"ಹೇಳಿದ್ರ ನಾಳಿಂದ ಬರಬ್ಯಾಡ ಅಂತಿದ್ರವ್ವ. ದಿನಗೂಲಿಯವಂಗ ಆ ಮೂರು ಸುತ್ತ ಪರ್ಮನೆಂಟ್ ಆರ್ಡರ್ ಇದ್ದಂಗ."

ಕೆಲಸ ಬಿಟ್ಟ ಮೇಲೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳು ಕೇಳಲಿಲ್ಲ, ಪುಣ್ಯಾತ್ಗಿತ್ತಿ. (ಸಾಹೇಬರು ಫೋನ್ ಮಾಡಿದರೆ ಚಹಾದಂಗಡಿಯಲ್ಲಿ ನಾಲ್ಕು ಜನ ತಿರುಗಿ ನೋಡುತ್ತಾರೆ. ನಾನೂ ಮನುಷ್ಯನೇ.)

ಅವಳು ಹೊಸ ರಿಜಿಸ್ಟರ್ ತೆರೆದು, "ಈಗ ಹೇಳು, ಬರ್ಕೋತೀನಿ" ಅಂದಳು.

ಬರೆದಳು. ಚಕ್ರದ ಪಕ್ಕ ಕೆಂಪು ಪೇಂಟಿನಲ್ಲಿ ಮೂರು ಖಾಲಿ ಎಂದೂ ಬರೆದಳು. ರಿಜಿಸ್ಟರಿಗೆ ಸಾಹೇಬರ ಸಹಿ ಹಾಕಿಸಿ, ಕಪಾಟಿನಲ್ಲಿಟ್ಟು, ಕೀಲಿಯನ್ನು ಕ್ಲರ್ಕಿಗೆ ಒಪ್ಪಿಸಿದಳು. ಆಮೇಲೆ ಹಸಿ ಬಟ್ಟೆ ತೆಗೆದುಕೊಂಡು ಗೋಡೆಯ ಮೇಲಿನ ನನ್ನ ನಂಬರ್ ಒರೆಸಿದಳು. ಎದೆಯಲ್ಲಿ ಚುರುಕ್ ಅಂದದ್ದು ನಿಜ. ಅದೇ ಹೊತ್ತಿಗೆ ಹೆಮ್ಮೆಯಿಂದ ಕಣ್ಣು ತುಂಬಿದ್ದೂ ನಿಜ.

ಆ ಸಂಜೆ ಮನೆಯಲ್ಲಿ ಗೋಧಿ ಹುಗ್ಗಿ. ಗಿಣಿಗೇರಾದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಮಗ ಬಂದ. ಸೊಸೆ, ನಮ್ಮಾಕೆ, ರೇಣುಕಾ, ನಾನು, ಎಲ್ಲರೂ ಒಟ್ಟಿಗೇ ಉಣ್ಣಲು ಕೂತೆವು. ನಮ್ಮಾಕೆ ತುಪ್ಪ ಬಡಿಸುತ್ತ, ಇನ್ನು ಮ್ಯಾಲೆ ನಿಮ್ಮನ್ನ ಯಾರೂ ಕರಿಯಂಗಿಲ್ಲ, ಆರಾಮ ಉಣ್ರಿ ಅಂದಳು.

ಫೋನ್ ರಿಂಗಾಯಿತು. ಗೋಡೆಯ ನಂಬರ್ ಒರೆಸಿದರೇನು, ಸಾಹೇಬರ ಮೊಬೈಲಿನಲ್ಲಿತ್ತಲ್ಲ! ಹೊಸ ಇಂಜಿನಿಯರ್ ನನ್ನ ಎದುರಿಗೇ ಕೂತಿದ್ದಾಳೆ, ಅವರು ಹಚ್ಚಿದ್ದು ನನಗೆ. ಇನ್ನಷ್ಟು ನೀರು ಬಿಡಲು ಮೇಲಿನಿಂದ ಆದೇಶ ಬಂದಿದೆಯಂತೆ, ಎಷ್ಟು ಸುತ್ತು ಎಂದು ಕೇಳಿದರು.

"ರಿಜಿಸ್ಟರ್ ನೋಡ್ರಿ ಸಾಹೇಬ್ರ, ಎಲ್ಲಾ ಬರದೈತಿ" ಅಂದೆ, ಬಹಳ ಗತ್ತಿನಿಂದ.

"ನೋಡ್ತಿದ್ದೆ ಹುಲಗಪ್ಪ. ಕ್ಲರ್ಕ್ ಮನಿಗಿ ಹೋಗ್ಯಾನ. ಕಪಾಟಿನ ಕೀಲಿ ಎಲ್ಲಿ ಇಡ್ತಾರ?"

ಕೀಲಿ ಇರುವುದು ಆಫೀಸಿನ ಬಾಗಿಲ ಹಿಂದಿನ ಮೊಳೆಗೆ. ಮನೆಮಂದಿಯೆಲ್ಲ ತುತ್ತು ಕೈಯಲ್ಲಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ಮೊಳೆ ಹೊಡೆದವನೇ ನಾನು, ಗೊತ್ತಿಲ್ಲ ಅನ್ನುವುದು ಹೇಗೆ?