ಪುಸ್ತಕ ಈಗ ಯಾರ ಮನೆಯಲ್ಲಿದೆ

ನಮ್ಮ ಮನೆತನದಲ್ಲಿ "ಪುಸ್ತಕ ಈಗ ಯಾರ ಮನ್ಯಾಗೈತಿ?" ಎಂದು ಕೇಳಿದರೆ, ಕಡೆಯ ಸಾವು ಯಾರ ಮನೆಯಲ್ಲಾಯಿತು ಎಂದು ಕೇಳಿದ ಹಾಗೆ.

ಬುದ್ಧನ ಮಾತುಗಳನ್ನು ಪಾಳಿಯಿಂದ ಕನ್ನಡಕ್ಕೆ ತಂದು, ಬಹಳ ಹಿಂದೆ ಅಚ್ಚು ಹಾಕಿದ ಪುಸ್ತಕ ಅದು. ನನ್ನ ಗಂಡನ ಅಜ್ಜ ಸವಣೂರಿನಲ್ಲಿ ಒಬ್ಬ ಮಾಸ್ತರರ ಮನೆಯಲ್ಲಿ ಕಟ್ಟಿಗೆ ಒಡೆಯುತ್ತಿದ್ದ. ಸಾಯುವ ಮುಂಚೆ ಮಾಸ್ತರರು ಅದನ್ನು ಅವನ ಕೈಗೆ ಕೊಟ್ಟರಂತೆ. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಮುಂದೆ ಹೆಂಡತಿ ಸತ್ತಾಗ, ಮಗನನ್ನು ಮುಂದೆ ಕೂರಿಸಿಕೊಂಡು ಅವನಿಂದ ಅಕ್ಷರ ಕಲಿತು ತಾನೇ ಓದಿದ. ಅಲ್ಲಿಂದ ರೂಢಿ ಬಿತ್ತು.

ಹಾನಗಲ್ಲಿನ ನಮ್ಮ ಮನೆ, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ಮನೆಗಳಲ್ಲಿ ಎಲ್ಲಿ ಸಾವಾಗುತ್ತದೋ ಪುಸ್ತಕ ಅಲ್ಲಿಗೆ ಹೋಗಬೇಕು. ಮೂರನೇ ದಿನದಿಂದ ಸಂಜೆಗೊಂದು ಪುಟ. ಸತ್ತವರಿಗೆ ಎಲ್ಲರಿಗಿಂತ ಹತ್ತಿರದವರೇ ಓದಬೇಕು, ಯಾರೂ ಹೇಳಿಕೊಡುವಂತಿಲ್ಲ. ಓದಿ ಮುಗಿದ ಮೇಲೂ ಮುಂದಿನ ಸಾವಿನ ತನಕ ಅದು ಅಲ್ಲೇ ಇರುತ್ತದೆ. ಜೀವ ಹೋದ ಗಳಿಗೆಯಿಂದ ಮಾಲಕರು ಆ ಮನೆಯವರು. ಇಂಥ ಆಸ್ತಿಗೆ ಜಗಳ ಆಡುವವರಾದರೂ ಯಾರು?

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅತ್ತೆ ಸತ್ತಾಗ ಮಾವ ಆಗಲೇ ಇರಲಿಲ್ಲ, ನನ್ನ ಗಂಡ ಓದಿದ. ಗಂಡ ಸತ್ತಾಗ ನಾನು ಓದಿದೆ. ಅಳು ಮತ್ತು ಒತ್ತಕ್ಷರ ಎರಡೂ ಒಟ್ಟಿಗೆ ಆಗುವುದಿಲ್ಲ. ಒತ್ತಕ್ಷರ ಬಂದರೆ ಅಳು ನಿಲ್ಲಿಸಲೇಬೇಕು. ಆ ರೂಢಿಯಲ್ಲಿ ನನಗೆ ಕಂಡ ಅರ್ಥ ಇಷ್ಟೇ.

ಒಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಅತ್ತೆ ಸತ್ತು ಪುಸ್ತಕ ನಮ್ಮ ಮನೆಯಲ್ಲಿದ್ದಾಗ, ಹಿರೇಕೆರೂರಿಗೆ ಕೊಟ್ಟ ನನ್ನ ನಾದಿನಿಯ ಹನ್ನೊಂದು ದಿನದ ಹೆಣ್ಣುಕೂಸು ತೀರಿಕೊಂಡಿತು. ಪುಸ್ತಕ ಕಳಿಸಿರೆಂದು ಅವಳು ಹೇಳಿ ಕಳಿಸಿದಳು. "ಹೆಸರ ಇಡಲಾರದ ಕೂಸಿಗೆ ಎಂಥಾ ಪುಸ್ತಕ?" ಎಂದೆ ನಾನು. ಹಿರಿಯರು ಹೂಂ ಎಂದರು. ಪುಸ್ತಕ ಹೋಗಲಿಲ್ಲ. ಅದಾದ ಮೇಲೆ ತವರಿಗೆ ಬಂದಾಗಲೆಲ್ಲ ಅವಳದು ಒಂದೇ ಮಾತು: "ಆ ರದ್ದಿ ಇನ್ನೂ ಮಾರಿಲ್ಲೇನ, ವೈನಿ?"

ನನ್ನ ಗಂಡ ಹೋಗಿ ಮೂರು ವರ್ಷವಾದ ಮೇಲೆ ಹಾವೇರಿ ಕಡೆಯ ಒಬ್ಬ ಕಾಲೇಜು ಮಾಸ್ತರ ಪುಸ್ತಕ ಹುಡುಕಿಕೊಂಡು ಬಂದ. ಎಣ್ಣೆ ಕೈಯಿಂದ ಮುಟ್ಟಬಾರದೆಂದು ನನಗೆ ಪಾಠ ಹೇಳುತ್ತ ಒಂದೊಂದೇ ಪುಟ ತಿರುವಿದ.

"ಇಂಥಾವು ಎಲ್ಲಾ ಸೇರಿ ಎರಡೋ ಮೂರೋ ಉಳದಾವ, ಅವ್ವಾರ. ಟ್ರಂಕಿನ್ಯಾಗ ಬೇವಿನ ಸೊಪ್ಪಿನ ಜೋಡಿ ಇಟ್ರ ಇದೂ ಪುಡಿ ಆಗತೈತಿ. ನಮ್ಮ ಗ್ರಂಥಾಲಯದಾಗ ಗಾಜಿನ ಕಪಾಟಿನ್ಯಾಗ ಇಡತೇವಿ."

"ಓದಾಕ ಕೊಡತೀರೇನು?"

"ಮುಟ್ಟಾಕೂ ಕೊಡಂಗಿಲ್ರಿ. ಹಂಗಿದ್ರನ ಅದು ಉಳಿತೈತಿ."

ಉಳಿದ ಮೂರೂ ಮನೆಗಳಿಗೆ ಫೋನು ಹೋಯಿತು. ಎಲ್ಲರೂ ಕೊಡಿ ಎಂದರು. "ಒಯ್ಯಲಿ ಬಿಡ್ರಿ, ರದ್ದಿ" ಎಂದಳು ನಾದಿನಿ. ನನಗೂ ಸಾಕಾಗಿತ್ತು. ಆ ಪುಸ್ತಕ ಮನೆಯಲ್ಲಿರುವ ತನಕ ಸಾವು ಹಳೆಯದಾಗುವುದಿಲ್ಲ.

ರವಿವಾರ ಮುಂಜಾನೆ ಹನ್ನೊಂದಕ್ಕೆ, ಗ್ರಂಥಾಲಯದ ಕಾಗದದಲ್ಲಿ 'ಮಾಲಕರು' ಎಂದು ಬರೆದ ಗೆರೆಯ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದೆ. ಮಾಸ್ತರ ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹಾವೇರಿ ಬಸ್ಸು ಹತ್ತಿದ.

ಒಂದು ಗಂಟೆಗೆ ಹಿರೇಕೆರೂರಿನಿಂದ ನಾದಿನಿಯ ಮಗನ ಫೋನು. "ಅತ್ತಿ, ಅಪ್ಪ ಹೋದ."

"ಯಾವಾಗಪಾ?"

"ಮುಂಜಾನಿ ಎಂಟಕ್ಕ."

"ಎಂಟಕ್ಕ ಹೋದ್ರ ಈಗ ಹೇಳಾಕತ್ತೀಯೇನು?"

"ಅತ್ತಿಗೆ ಕಡೀಕ ಹೇಳು ಅಂದ್ಲು ಅವ್ವ."

ನಿಜ ಹೇಳುತ್ತೇನೆ, ನನಗೆ ಮೊದಲು ನೆನಪಾದದ್ದು ಸತ್ತವನಲ್ಲ. ಎಂಟು ಮತ್ತು ಹನ್ನೊಂದು. ಮೂರು ತಾಸಿನಿಂದ ಪುಸ್ತಕ ಅವಳದಾಗಿತ್ತು, ನಾನು ಅವಳ ಪುಸ್ತಕಕ್ಕೆ ಸಹಿ ಮಾಡಿದ್ದೆ. ಮಾಸ್ತರನಿಗೆ ಫೋನು ಹಚ್ಚಿದೆ.

"ಸರ, ನನ್ನ ಸಹಿ ನಡಿಯಂಗಿಲ್ರಿ. ಹನ್ನೊಂದಕ್ಕ ಅದು ನಂದಾಗಿರಲಿಲ್ಲ."

"ನಿಮ್ಮ ಟ್ರಂಕಿನ್ಯಾಗ ಇತ್ತಲ್ರೀ!"

ಎಲ್ಲ ಬಿಡಿಸಿ ಹೇಳಿದೆ. ಅವನು ಮೆಲ್ಲಗೆ, "ಕಾಗದದ ಪ್ರಕಾರ ನಿಮ್ಮ ಸಹಿ ಸಾಕು, ಅವ್ವಾರ" ಎಂದ.

"ಕಾಗದಕ್ಕ ಸಾಕು. ಆಕಿಗೆ ಸಾಕಾಗಂಗಿಲ್ಲ."

"ಆಕೀನ ಅದನ್ನ ರದ್ದಿ ಅಂದ್ಲು ಅಂತ ನೀವ ಹೇಳಿದ್ರಿ."

"ಕೈಗೆ ಸಿಗಲಾರದ್ದನ್ನ ರದ್ದಿ ಅಂತಾರ್ರಿ ಮಂದಿ."

ವಿಚಾರ ಮಾಡಿ ಹೇಳುತ್ತೇನೆಂದು ಫೋನು ಇಟ್ಟ. ನಾನು ಹಿರೇಕೆರೂರಿನ ಬಸ್ಸು ಹಿಡಿದೆ.

ನಾದಿನಿ ಗೋಡೆಗೆ ಒರಗಿ ಕುಳಿತಿದ್ದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

"ಬರಿಗೈಲೆ ಬಂದ್ಯಾ ವೈನಿ? ಈ ಸಲನೂ?"

ಮುಂಜಾನೆ ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳಿದೆ. ಎಂಟು, ಹನ್ನೊಂದು, ಎರಡನ್ನೂ ಹೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು. ಆಮೇಲೆ ಎರಡು ದಿನ ನಾನು ಬಡಿಸಿದ ಊಟ ಉಂಡಳು, ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಮಾಸ್ತರನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಒಂದು ಸಲ ಕೇಳಿಯಾಗಿತ್ತು. ಇನ್ನೊಂದು ಸಲ ಕೇಳಿ ಇಲ್ಲ ಎನ್ನಿಸಿಕೊಂಡರೆ ಅವಳಿಗೆ ಏನು ಹೇಳಲಿ?

ಮೂರನೇ ದಿನ ಹೊತ್ತು ಇಳಿಯುವಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಮಾಸ್ತರ. ಕಂಕುಳಲ್ಲಿ ಬಿಳಿ ಗಂಟು.

"ಮಾಲಕರು ಯಾರ್ರೀ?" ಎಂದು ಕೇಳಿದ.

ನಾದಿನಿ ಎರಡೂ ಕೈ ಮುಂದೆ ಚಾಚಿದಳು. ಎಣ್ಣೆ ಕೈಯಿಂದ ಮುಟ್ಟಬಾರದೆಂದು ನನಗೆ ಅಷ್ಟು ಪಾಠ ಹೇಳಿದ್ದವನು, ಅವಳ ಕೈ ಹೇಗಿದೆಯೆಂದು ನೋಡದೆ ಕೊಟ್ಟ.

ಅವಳು ಕಲಿತದ್ದು ಮೂರನೇ ಇಯತ್ತೆ. ಮೊದಲ ಪುಟದ ಐದನೇ ಸಾಲಿನಲ್ಲಿ ಹಳೆ ಕಾಲದ ಒಂದು ಒತ್ತಕ್ಷರವಿದೆ. ನನ್ನನ್ನೂ ಅದೇ ನಿಲ್ಲಿಸಿತ್ತು. ಅವಳೂ ಅಲ್ಲೇ ನಿಂತಳು. ಮಾಸ್ತರ ಮುಂದೆ ಬಾಗಿದ, ತುಟಿ ಅಲುಗಿತು. ಅವನ ತೋಳು ಹಿಡಿದು ಜಗ್ಗಿದೆ.

"ಸುಮ್ಮ ಕುಂದರ್ರಿ, ಸರ."

ಕುಳಿತ. ಅವಳು ಬೆರಳು ಇಟ್ಟು, ತೆಗೆದು, ಮತ್ತೆ ಇಟ್ಟು ಅಂತೂ ದಾಟಿದಳು. ಪುಟ ಮುಗಿಯಿತು. ಮಂದಿ ಏಳತೊಡಗಿದರು.

"ಎಲ್ಲಿ ಹೊಂಟ್ರಿ? ಕುಂದರ್ರಿ. ಇನ್ನೊಮ್ಮೆ ಓದೂದೈತಿ" ಎಂದಳು.

ಮಗ ಕೇಳಿದ: "ಅದ ಪುಟ ಯಾಕಬೇ? ಯಾರಿಗೆ?"

"ನಿಮ್ಮಕ್ಕಗ."

ತನಗೊಬ್ಬ ಅಕ್ಕ ಇದ್ದಳೆಂದು ಅವನಿಗೆ ಅಂದೇ ಗೊತ್ತಾದದ್ದು. ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ಎರಡನೇ ಸಲ ಐದನೇ ಸಾಲಿನಲ್ಲಿ ಅವಳು ನಿಲ್ಲಲಿಲ್ಲ. ಓದಿ ಮುಗಿಸಿ, ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, "ನೀರ ಕೊಡ, ವೈನಿ" ಎಂದಳು. ಎದ್ದು ತಂದುಕೊಟ್ಟೆ. ಆವತ್ತು ಬೇಡ ಎಂದದ್ದು ನನ್ನ ತಪ್ಪು ಎಂದು ನಾನು ಹೇಳಲಿಲ್ಲ. ಅವಳಿಗೆ ಗೊತ್ತಿರುವುದನ್ನು ಅವಳಿಗೇ ಹೇಳಿ ಏನಾಗಬೇಕು?

ನಾನು ಸಹಿ ಮಾಡಿದ ಕಾಗದವನ್ನು ಮಾಸ್ತರ ವಾಪಸು ಕೊಟ್ಟು ಹೋದ. ಈಗ ರವಿವಾರಕ್ಕೊಮ್ಮೆ ಬಂದು, ಅವಳು ಓದಿ ಮುಗಿಸಿದ ಪುಟಗಳ ಫೋಟೋ ತೆಗೆದುಕೊಳ್ಳುತ್ತಾನೆ. ಕೈ ತೊಳೆದ ಹೊರತು ಅವಳು ಅವನಿಗೆ ಪುಸ್ತಕ ಮುಟ್ಟಿಸುವುದಿಲ್ಲ. ಕೆಲಸ ಬೇಗ ಸಾಗುತ್ತಿಲ್ಲವೆಂದು ಮೊನ್ನೆ ಫೋನಿನಲ್ಲಿ ಗೊಣಗಿದ.

"ಪುಟಕ್ಕ ಎರಡ ಸಲ ಓದತಾಳ್ರಿ ಆಕಿ. ತಡೀರಿ" ಎಂದೆ.