ಎರಡು ಜೋಡಿ ಬೂಟು

ಮೂವತ್ತಾರನೇ ವಯಸ್ಸಿನಲ್ಲಿ ಟೀಚರ್ ಕೆಲಸ ಬಿಟ್ಟು ನಮ್ಮಕ್ಕ ಎಂ.ಎಸ್ಸಿ.ಗೆ ಸೇರಿದಳು. ಅಳಿಯುತ್ತಿರುವ ಜೀವಿಗಳನ್ನು ಉಳಿಸುವ ಓದು. ನೆಂಟರು ಮೂಗು ಮುರಿದರು. ನಾನು ಮೋಟಾರು ರಿಪೇರಿಯವನು, ಓದು ನನಗೆ ಅಷ್ಟಕ್ಕಷ್ಟೇ. ಆದರೆ ಕಾಲೆಳೆಯುವುದಕ್ಕೆ ಓದು ಯಾಕೆ ಬೇಕು? ಅವಳಿಗೆ ‘ಕಪ್ಪೆ ಪಂಡಿತೆ’ ಎಂದು ಹೆಸರಿಟ್ಟವನು ನಾನೇ.

ಅವಳ ಪ್ರಬಂಧಕ್ಕೆ ಎರಡು ಹೊಂಡ. ಇಟ್ಟಿಗೆ ಭಟ್ಟಿಯ ಹಿಂದಿನ ಹೊಂಡದಲ್ಲಿ ಕಪ್ಪೆಗಳು ಚರ್ಮದ ಫಂಗಸ್ ತಗಲಿ ಸಾಯುತ್ತಿದ್ದವು. ಗುಡ್ಡದ ಮೇಲಿನ ಹಳೇ ಕಲ್ಲುಗಣಿಯ ಹೊಂಡದಲ್ಲಿ ಅದೇ ಜಾತಿಯವು ಗಟ್ಟಿಮುಟ್ಟಾಗಿದ್ದವು. ಸುತ್ತಮುತ್ತ ರೋಗವಿಲ್ಲದ ಹೊಂಡ ಅದೊಂದೇ. ಅಲ್ಲಿಯವು ಉಳಿದರೆ ಮುಂದೊಂದು ದಿನ ಅವನ್ನೇ ಬೇರೆ ಹೊಂಡಗಳಿಗೆ ಬಿಡಬಹುದು ಎಂಬುದು ಅಕ್ಕನ ಆಸೆ. ಹೆಬ್ಬೆರಳಿನಷ್ಟಿದ್ದ ಆ ಕಪ್ಪೆಗಳ ಹೊಟ್ಟೆಯ ಮೇಲೆ ಹಳದಿ ಮಚ್ಚೆ, ಒಂದರಂತೆ ಇನ್ನೊಂದಿಲ್ಲ. ಪ್ರತಿಯೊಂದನ್ನೂ ಅಂಗಾತ ಮಾಡಿ ಫೋಟೊ ತೆಗೆದು ಸಂಖ್ಯೆ ಕೊಡುತ್ತಿದ್ದಳು. ಮೇಲಿನ ಹೊಂಡದಲ್ಲಿ ನೂರಾ ಹದಿನೆಂಟು. ನಲವತ್ತೊಂದನೆಯದು ನನ್ನಂತೆಯೇ ಸೋಮಾರಿಯಂತೆ, ಹಿಡಿದರೂ ಒದ್ದಾಡುತ್ತಿರಲಿಲ್ಲವಂತೆ.

ಆ ಫಂಗಸ್ ಒದ್ದೆ ಮಣ್ಣಿನಲ್ಲಿ, ನೀರಿನ ಹನಿಯಲ್ಲಿ ಬರುತ್ತದೆ. ಅದಕ್ಕೇ ಹೊಂಡಕ್ಕೊಂದು ಜೋಡಿ ರಬ್ಬರ್ ಬೂಟು. ಕೆಳಗಿನ ಹೊಂಡದ್ದಕ್ಕೆ ಹಿಮ್ಮಡಿಯಲ್ಲಿ ಕೆಂಪು ಉಗುರುಬಣ್ಣ, ಮೇಲಿನದಕ್ಕೆ ಬಿಳಿ. ಕೆಂಪಿನದು ಹಿತ್ತಲಲ್ಲಿ ಬ್ಲೀಚಿಂಗ್ ನೀರು ಕಂಡು, ಬಿಸಿಲಲ್ಲಿ ಒಣಗಬೇಕು. ಬಿಳಿಯದು ಅವಳ ಮಂಚದ ಕೆಳಗೆ, ಯಾರೂ ಮುಟ್ಟುವಂತಿಲ್ಲ. ಯಾಕೆಂದು ಆಗ ನಾನು ಕೇಳಿದವನಲ್ಲ, ಬೂಟಿಗಿರುವ ಮರ್ಯಾದೆ ಈ ಮನೆಯಲ್ಲಿ ನನಗಿಲ್ಲ ಎಂದು ನಗುತ್ತಿದ್ದೆ.

ಒಂದು ಸಂಜೆ ಕೆಳಗಿನ ಹೊಂಡದಿಂದ ಬಂದವಳೇ ಜ್ವರದಿಂದ ಮಲಗಿಬಿಟ್ಟಳು. ಬೆಳಿಗ್ಗೆ ಮೇಲಿನ ಹೊಂಡಕ್ಕೆ ಹೋಗಲೇಬೇಕಿತ್ತು. ಪಾಪ ಎನ್ನಿಸಿತು. ಹುಟ್ಟಿದಾಗಿನಿಂದ ಅಕ್ಕನಿಗೊಂದು ಉಪಕಾರ ಮಾಡಿದವನಲ್ಲ, ಇವತ್ತಾದರೂ ಮಾಡೋಣ ಎಂದು ನಾಲ್ಕೂ ಬೂಟುಗಳನ್ನು ಹಸಿರು ಬಕೆಟ್ಟಿನ ಸೋಪುನೀರಿಗೆ ಹಾಕಿ, ಒಂದೇ ಬ್ರಷ್ಷಿನಲ್ಲಿ ಉಜ್ಜಿ, ಬಿಳಿಯದನ್ನು ಅದರ ಜಾಗಕ್ಕಿಟ್ಟೆ. ಬೆಳಿಗ್ಗೆ ಥಳಥಳ ಹೊಳೆಯುವ ಬೂಟು ಕಂಡು ನೀನಾ ತೊಳೆದದ್ದು ಎಂದಳು. ಮತ್ತಿನ್ಯಾರು ಎಂದೆ. ನಕ್ಕು, ಇನ್ನೂ ಆರದ ಬೂಟು ಹಾಕಿಕೊಂಡು ಹೊರಟಳು.

ಐದು ವಾರಕ್ಕೆ ಮೇಲಿನ ಹೊಂಡದ ದಡದಲ್ಲಿ ಕಪ್ಪೆಗಳು ಕಾಲು ಸೆಟೆದು ಬೀಳತೊಡಗಿದವು. ಲ್ಯಾಬಿನಲ್ಲಿ ಅದೇ ಫಂಗಸ್ ಎಂದು ಖಚಿತವಾಯಿತು. ಅಂದು ಅಕ್ಕ ಹಿತ್ತಲಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತಳು.

“ಆವತ್ತು ಬೂಟು ಯಾವುದ್ರಲ್ಲಿ ತೊಳೆದೆ?”

ಬಕೆಟ್ ತೋರಿಸಿದೆ.

“ಎರಡು ಜೋಡೀನೂ?”

“ಹೂಂ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು ಒಳಗೆ ಹೋದಳು.

ರೋಗ ಹಕ್ಕಿಗಳ ಕಾಲಿಗಂಟಿಯೂ ಬಂದಿರಬಹುದು, ಬೂಟಿನ ವಿಷಯ ಬರೆಯಲೇಬೇಡ ಎಂದು ಅವಳ ಗೈಡ್ ಬುದ್ಧಿ ಹೇಳಿದರಂತೆ. ಇವಳು ಕೇಳಲಿಲ್ಲ. ಸಂಶೋಧಕಿಯ ಅಜಾಗ್ರತೆಯಿಂದಲೇ ರೋಗ ಹರಡಿರುವ ಸಾಧ್ಯತೆ ಹೆಚ್ಚು ಎಂದು ಬರೆದಳು. ನನ್ನಿಂದ ಎಂದು ಬರಿ, ನಿನ್ನ ಮೇಲೆ ಯಾಕೆ ಹಾಕಿಕೊಳ್ತೀಯ ಎಂದು ಜಗಳಕ್ಕೇ ಬಿದ್ದೆ.

“ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದ್ರೂ ಹೇಗೆ ತೊಳೆದೆ ಅಂತ ನಾನು ಕೇಳಲಿಲ್ಲ,” ಎಂದಳು.

ಡಿಗ್ರಿ ಸಿಕ್ಕಿತು. ಮುಂದಿನ ಸಂಶೋಧನೆಗೆ ಹೆಚ್ಚುಕಡಿಮೆ ಖಾತ್ರಿಯಾಗಿದ್ದ ಸೀಟು ಮಾತ್ರ ಕೈತಪ್ಪಿತು. ಅಕ್ಕ ಮತ್ತೆ ಅದೇ ಶಾಲೆಗೆ ಹೋಗುತ್ತಾಳೆ. ಭಾನುವಾರ ಇಬ್ಬರೂ ಗುಡ್ಡ ಹತ್ತುತ್ತೇವೆ. ನಲವತ್ತೊಂದನೆಯದು ಕೊನೆಯದಾಗಿ ಸಿಕ್ಕಿ ವರ್ಷವಾಯಿತು. ಅವಳು ನೀರನ್ನೆಲ್ಲ ಹುಡುಕಿ ಪುಸ್ತಕದಲ್ಲಿ ಸೊನ್ನೆ ಬರೆಯುತ್ತಾಳೆ.

ಕಳೆದ ವಾರ ಹೊರಡುವಾಗ ಅವಳು ಹಿತ್ತಲ ಬಾಗಿಲಲ್ಲಿದ್ದ ಕೆಂಪು ಗುರುತಿನ ಬೂಟಿಗೆ ಕಾಲು ತೂರಿಸುತ್ತಿದ್ದಳು. ಓಡಿಹೋಗಿ ಮಂಚದ ಕೆಳಗಿನಿಂದ ಬಿಳಿಯದನ್ನು ತಂದು ಮುಂದಿಟ್ಟೆ.

“ಬಿಡೋ,” ಎಂದಳು. “ಈಗ ಯಾವುದು ಹಾಕ್ಕೊಂಡ್ರೂ ಒಂದೇ.”